ಏಳೂವರೆಯ ಹುಡುಗಿಗಾಗಿ ಬಿಟ್ಟ ಮಿರ್ಚಿ

ನಮ್ಮ ಅತ್ತೆ ಮಿರ್ಚಿ ಬಿಟ್ಟದ್ದು ಹೊಟ್ಟೆಯುರಿ ಅಂತಲ್ಲ, ಡಾಕ್ಟರು ಹೇಳಿದರು ಅಂತಲೂ ಅಲ್ಲ. ಟಿವಿ ಧಾರಾವಾಹಿಯೊಂದರಲ್ಲಿ ಒಬ್ಬ ಸೊಸೆಯನ್ನು ಆಕೆಯ ಅತ್ತೆ ಸುರಿಯುವ ಮಳೆಯಲ್ಲಿ ಮನೆಯಿಂದ ಹೊರಗೆ ಹಾಕಿದಳು. ಅದನ್ನು ನೋಡಲಾರದೆ ನಮ್ಮ ಅತ್ತೆ ಮಿರ್ಚಿ ಬಿಟ್ಟರು. ಬೇರೆ ಊರಿನವರಿಗೆ ಇದನ್ನು ಹೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಹೊಸಪೇಟೆಯವರು ಮಾತ್ರ ನಗುವ ಮೊದಲು ಒಂದು ಕ್ಷಣ ಗಾಬರಿಯಾಗಿ ನೋಡುತ್ತಾರೆ.

ಯಾಕೆಂದರೆ ನಮ್ಮಲ್ಲಿ ಬೆಳಗಿನ ತಿಂಡಿಯೇ ಮಂಡಕ್ಕಿ ಒಗ್ಗರಣೆ, ಜೊತೆಗೆ ಎರಡು ಮಿರ್ಚಿ ಬಜ್ಜಿ. ಸಂಜೆಗೂ ಅದೇ. ನೆಂಟರು ಬಂದರೆ ಅದೇ, ಮಳೆ ಬಂದರೆ ಅದೇ, ಮಳೆ ಬಾರದೆ ಸೆಕೆಯಾದರೂ ಅದೇ. ಅತ್ತೆಯಂತೂ ಬಂಡಿಯವನ ಮುಂದೆ ನಿಂತು, ಬಾಣಲೆಯಲ್ಲಿ ತೇಲುವ ಮಿರ್ಚಿಗಳಲ್ಲಿ ತಮಗೆ ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದರು. 'ಆ ಮೂಲ್ಯಾಗಿಂದು ಕೊಡಪಾ, ಸೊಂಟ ಸೊಟ್ಟ ಆಗೇತಲ್ಲ, ಅದು.' ಸೊಟ್ಟ ಮಿರ್ಚಿಯಲ್ಲೇ ಖಾರ ಹದವಾಗಿರುತ್ತದೆ ಎಂಬುದು ಅವರ ಸಿದ್ಧಾಂತ. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಹರಕೆ ಹೊರುವವರು. ಯಾರದಾದರೂ ಕಷ್ಟ ಕಂಡರೆ ತಮಗೆ ಇಷ್ಟವಾದದ್ದೊಂದನ್ನು ಬಿಡುವುದು. ಕಷ್ಟ ಕಳೆದ ಮೇಲೆ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ವಿಷಯ ಒಪ್ಪಿಸಿ, ಬಂದು ತಿನ್ನುವುದು. ಒಪ್ಪಿಸುವುದೆಂದರೆ ಕೈಮುಗಿದು ಮನಸ್ಸಿನಲ್ಲಿ ಅಂದುಕೊಳ್ಳುವುದಲ್ಲ. ಬಾಯಿಬಿಟ್ಟು, ಮೊದಲಿನಿಂದ ಕೊನೆಯವರೆಗೆ, ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ ಹೇಳುವುದು. 'ದಿನಾ ಸಾವಿರ ಮಂದಿ ಮನಸಿನಾಗ ಅಂತಾರ. ಆತ ಯಾರದಂತ ಕೇಳ್ಬೇಕು?' ಅನ್ನುತ್ತಿದ್ದರು. ಈಗ ನಮ್ಮೊಂದಿಗಿಲ್ಲದ ಮಾವನವರಿಗೆ ಹಿಂದೆ ಕಣ್ಣಿನ ಆಪರೇಷನ್ ಆದಾಗ, ಪಕ್ಕದ ಹಾಸಿಗೆಯವನು ಗೊರಕೆ ಹೊಡೆದದ್ದನ್ನೂ ಬಿಡದೆ ಒಪ್ಪಿಸಿದ್ದರು. ಹಾಗೆ ಒಪ್ಪಿಸದೆ ತಿಂದರೆ ಹರಕೆ ಕೆಟ್ಟಂತೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಸಂಡೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ, ಈಗಲೂ ಇದ್ದೇನೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅದಿರಿನ ಲಾರಿಗಳ ಹಿಂದೆ ಬರುವ ಆ ಬಸ್ಸಿನಲ್ಲಿ ಕಿಟಕಿ ತೆರೆದರೂ ಅಷ್ಟೆ, ಮುಚ್ಚಿದರೂ ಅಷ್ಟೆ. ಇಳಿಯುವಾಗ ಸೀರೆಯ ಅಂಚು ಕೆಂಪಗಿರುತ್ತದೆ. ಮದುವೆಯಾದ ಮೇಲೆ ಮೊದಲ ಸಲ ಕೆಲಸ ಮುಗಿಸಿ ಬಂದು ಗೇಟು ತೆರೆದಾಗ ಅತ್ತೆ ಪಡಸಾಲೆಯಿಂದಲೇ ನೋಡಿ ಹೇಳಿದ ಮಾತು ಒಂದೇ: 'ಧೂಳು ಹೊರಗ ಝಾಡಿಸಿ ಬಾ.'

ಅದರಲ್ಲಿ ತಪ್ಪೇನಿಲ್ಲ. ಅವರು ದಿನಕ್ಕೆ ಎರಡು ಸಲ ಒರೆಸುವ ನೆಲ ಅದು. ಆದರೆ ದಿನಾ ಸಂಜೆ ಅದೇ ಮಾತು. ದಣಿದು ಬಂದು ಗೇಟಿನಲ್ಲಿ ಬಗ್ಗಿ ಸೀರೆ ಝಾಡಿಸುವಾಗ ನನಗೆ, ನಾನು ಈ ಮನೆಗೆ ಏನೋ ಕೊಟ್ಟು ಹೋಗಲು ಬಂದವಳು ಅನ್ನಿಸುತ್ತಿತ್ತು. ನೋವಾಗುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಝಾಡಿಸುವ ಸದ್ದು ಮಾತ್ರ ಜೋರು ಮಾಡಿದೆ. ಉಳಿದಂತೆ ಹಾಲು, ಉಪ್ಪು, ನಲ್ಲಿ ನೀರು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿಗೆ ವಿಷಯವೇ ಇರಲಿಲ್ಲ.

ಆಗ ಆ ಧಾರಾವಾಹಿ ಶುರುವಾಯಿತು. ಅದಕ್ಕೊಂದು ಉದ್ದನೆಯ ಹೆಸರಿತ್ತು, ನಮ್ಮ ಓಣಿಯಲ್ಲಿ ಯಾರೂ ಅದನ್ನು ಬಳಸಲಿಲ್ಲ. ಏಳೂವರೆಗೆ ಬರುತ್ತಿದ್ದುದರಿಂದ 'ಏಳೂವರೇದು' ಅಂದರೆ ಸಾಕು. ನಾಯಕಿಗೂ ಕಥೆಯಲ್ಲಿ ಹೆಸರಿತ್ತು. ಅತ್ತೆಗೆ ಆಕೆ ಬರೀ 'ಹುಡುಗಿ'. ಸಣ್ಣ ಊರಿನ ಅಕ್ಕಿ ಗಿರಣಿಯವರ ಮನೆಗೆ ಬಂದ ಸೊಸೆ. ಗಂಡ ಹಾಸಿಗೆ ಹಿಡಿದಾಗ ಗಿರಣಿಯನ್ನು ತಾನೇ ನಡೆಸಲು ಹೊರಡುತ್ತಾಳೆ, ಅದು ಆಕೆಯ ಅತ್ತೆಗೆ ಸೇರುವುದಿಲ್ಲ. ನಮ್ಮ ಅತ್ತೆಯ ತವರು ಕಂಪ್ಲಿಯ ಗಿರಣಿ ಮನೆ. ಮೊದಲ ದಿನ ಅವರು ಟಿವಿಯ ಮುಂದೆ ಕೂತದ್ದೇ ತಪ್ಪು ಹುಡುಕಲು. ಹುಡುಗಿ ಚೀಲದಿಂದ ನಾಲ್ಕು ಭತ್ತದ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಒಂದನ್ನು ಹಲ್ಲಿನಲ್ಲಿ ಕಡಿದು, 'ಇನ್ನೊಂದು ಬಿಸಿಲು ಬೇಕು' ಅಂದಳು. ಗೋಡೆಗೆ ಒರಗಿದ್ದ ಅತ್ತೆ ನೆಟ್ಟಗೆ ಕೂತರು.

'ಕಥಿ ಬರದಾವ ಗಿರಣಿ ನೋಡ್ಯಾನ' ಅಂದರು.

ನಿಜಕ್ಕೂ ಆ ಮೊದಲ ಅಧ್ಯಾಯ ಚೆನ್ನಾಗಿತ್ತು, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹುಡುಗಿಗೆ ಇದ್ದದ್ದು ನಾಲ್ಕೇ ಸೀರೆ, ಸರದಿಯ ಮೇಲೆ ಉಡುತ್ತಿದ್ದಳು. ಊಟಕ್ಕೆ ಕೂತವರು ನಿಜವಾಗಿ ತುತ್ತು ಎತ್ತುತ್ತಿದ್ದರು, ಬಾಯಲ್ಲಿ ಅನ್ನ ಇಟ್ಟುಕೊಂಡೇ ಮಾತಾಡುತ್ತಿದ್ದರು. ಯಾರೂ ಬಾಗಿಲ ಹಿಂದೆ ನಿಂತು ತಮ್ಮ ಸಂಚನ್ನು ತಮಗೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಏನಾದರೂ ಒಂದು ನಡೆದೇ ನಡೆಯುತ್ತಿತ್ತು. ಅದು ಮುಗಿದ ಮೇಲೆ ನಾನು ರೊಟ್ಟಿ ತಟ್ಟುತ್ತ, ಅತ್ತೆ ಬೇಯಿಸುತ್ತ, ಅದೇ ಮಾತು.

'ಆಕಿ ಅತ್ತಿ ಹಂಗ್ಯಾಕಂದ್ಲು ರೀ?' ಎಂದು ನಾನು ಕೇಳುತ್ತಿದ್ದೆ.

'ಹೆದರ್ಯಾಳ. ಕೀಲಿ ಕೈ ಬಿಟ್ರ ಮನಿನೂ ಕೈ ಬಿಡತೈತಿ ಅಂತ ಹೆದರ್ಯಾಳ' ಅನ್ನುತ್ತಿದ್ದರು ಅವರು, ರೊಟ್ಟಿ ಮಗುಚುತ್ತ.

ಹೀಗೆ ಬೇರೆ ಮನೆಯ ಅತ್ತೆ ಸೊಸೆಯ ನೆಪದಲ್ಲಿ ನಾವಿಬ್ಬರು ಮಾತಾಡುವುದನ್ನು ಕಲಿತೆವು. ಸಂಜೆ ಗೇಟಿನಲ್ಲಿ ಧೂಳು ಝಾಡಿಸುವುದು ತಪ್ಪಲಿಲ್ಲ. ಆದರೆ ಏಳೂವರೆಗೆ ನಮ್ಮಿಬ್ಬರಿಗೂ ಒಂದೇ ಚಾಪೆ. ನನಗೆ ಅದು ಖುಷಿ ಕೊಡುತ್ತಿತ್ತು, ಸಂಡೂರಿನ ಬಸ್ಸು ತಡವಾದರೆ ಡ್ರೈವರನ ಮೇಲೆ ಸಿಟ್ಟು ಬರುವಷ್ಟು.

ಆ ಅಧ್ಯಾಯದ ಕೊನೆಯ ಸಂಚಿಕೆಯಲ್ಲಿ ಗಿರಣಿಗೆ ಬೆಂಕಿ ಬಿತ್ತು. ತಪ್ಪು ಹುಡುಗಿಯ ತಲೆಗೆ ಬಂತು. ಆಕೆಯ ಅತ್ತೆ ಬಟ್ಟೆಯ ಚೀಲವನ್ನು ಮಳೆಯಲ್ಲಿಟ್ಟು ಕದ ಹಾಕಿಕೊಂಡಳು. ಹುಡುಗಿ ಅಳಲಿಲ್ಲ. ಚೀಲ ಎತ್ತಿಕೊಂಡು, ಗೇಟನ್ನು ಸದ್ದಾಗದಂತೆ ಮುಚ್ಚಿ ನಡೆದಳು. ಅಳು ಬಂದದ್ದು ನಮಗೆ. ನಮ್ಮ ಅತ್ತೆ ಎದ್ದು, ಹಂಪಿಯ ದಿಕ್ಕಿಗೆ ತಿರುಗಿ ಕೈಮುಗಿದರು. ನಮ್ಮ ಮನೆಯಲ್ಲಿ ಆ ದಿಕ್ಕಿಗೆ ಫ್ರಿಜ್ಜು ಇದೆ.

'ತಂದೀ, ಈ ಹುಡುಗಿ ತಿರುಗಿ ತನ್ನ ಮನಿ ಸೇರೋತನಕ ನಾ ಮಿರ್ಚಿ ಮುಟ್ಟಂಗಿಲ್ಲ.'

'ಅವ್ವಾ, ಅದು ಸೀರಿಯಲ್' ಅಂದರು ನನ್ನ ಗಂಡ.

'ಹುಡುಗಿ ಹೌದಲ್ಲೋ' ಅಂದರು ಅತ್ತೆ.

ಮುಂದಿನ ಅಧ್ಯಾಯ ಸೋಮವಾರದಿಂದಲೇ ಎಂದು ಟಿವಿಯಲ್ಲಿ ಬಂತು. ಹೆಚ್ಚೆಂದರೆ ಒಂದು ತಿಂಗಳು, ಹುಡುಗಿ ಮನೆ ಸೇರುತ್ತಾಳೆ, ಮಿರ್ಚಿ ಅತ್ತೆಯ ಬಾಯಿ ಸೇರುತ್ತದೆ ಅಂದುಕೊಂಡೆವು.

ಎರಡನೇ ಅಧ್ಯಾಯದಲ್ಲಿ ಹುಡುಗಿ ಪಟ್ಟಣಕ್ಕೆ ಹೋದಳು, ಅಲ್ಲಿ ಆಕೆಗೆ ಬಂಗಲೆ ಸಿಕ್ಕಿತು. ಹೇಗೆ ಅಂತ ಕೇಳಬಾರದು. ಸೀರೆಗಳಿಗೆ ಲೆಕ್ಕವಿಲ್ಲ, ಮಲಗುವಾಗಲೂ ಕಿವಿಯಲ್ಲಿ ಜುಮುಕಿ. ಊಟದ ಮೇಜಿನ ತುಂಬ ಬಟ್ಟಲುಗಳು, ತುತ್ತೆತ್ತುವವರು ಮಾತ್ರ ಯಾರೂ ಇಲ್ಲ. ತಟ್ಟೆಯ ಮುಂದೆ ಜಗಳ ತೆಗೆದು ಎಲ್ಲರೂ ಎದ್ದು ಹೋಗುವುದಕ್ಕೇ ಅಲ್ಲಿ ಊಟ ಅನ್ನುತ್ತಿದ್ದರು. 'ಅಷ್ಟೂ ಅನ್ನ ಆಮ್ಯಾಲ ಯಾರು ತಿಂತಾರ?' ಎಂದು ಅತ್ತೆಗೆ ಕಥೆಗಿಂತ ಅದೇ ಚಿಂತೆ. ಸೋಮವಾರ ಹೊಡೆಯಲು ಎತ್ತಿದ ಕೈ ಕಪಾಳಕ್ಕೆ ತಲುಪುವಾಗ ಬುಧವಾರ. ನಡುವೆ ಮನೆಮಂದಿಯ ಮುಖಗಳನ್ನೆಲ್ಲ ಒಂದೊಂದಾಗಿ ತೋರಿಸಿ ಗುಡುಗು ಹಾಕುತ್ತಿದ್ದರು. ಅಳುತ್ತಿದ್ದ ಪಾತ್ರಗಳು ಇದ್ದಕ್ಕಿದ್ದಂತೆ ಕಣ್ಣೊರೆಸಿಕೊಂಡು ಬಟ್ಟೆ ಸೋಪಿನ ಗುಣಗಾನ ಮಾಡಿ, ಮತ್ತೆ ಅಳಲು ಹೋಗುತ್ತಿದ್ದವು.

ಗಿರಣಿಯೂ ಒಮ್ಮೆ ಬಂತು. ಹೊಟ್ಟಿನ ಧೂಳಿಲ್ಲ, ಯಂತ್ರದ ಸದ್ದಿಲ್ಲ, ಹಮಾಲರು ಚೀಲಗಳನ್ನು ದಿಂಬಿನಂತೆ ಎತ್ತಿ ಎಸೆಯುತ್ತಿದ್ದರು. ರೇಷ್ಮೆ ಸೀರೆ ಉಟ್ಟ ಹುಡುಗಿ ಭತ್ತ ನೋಡುತ್ತೇನೆಂದು ಚೀಲಕ್ಕೆ ಕೈಹಾಕಿ ತೆಗೆದದ್ದು ಗೋಧಿ. ಅತ್ತೆ ಎದ್ದು ಹೋಗಿ ನೀರು ಕುಡಿದು ಬಂದರು.

'ಬರಿಯಾವ ಬದಲಾಗ್ಯಾನ' ಅಂದರು, ಬೇಕಾದವರು ಯಾರೋ ತೀರಿಕೊಂಡ ದನಿಯಲ್ಲಿ.

ಮೂರನೇ ಅಧ್ಯಾಯದಲ್ಲಿ ಹುಡುಗಿಗೆ ನೆನಪು ಹೋಯಿತು, ಬಂತು, ಇನ್ನೊಮ್ಮೆ ಹೋಯಿತು. ಆಕೆಯ ಅವಳಿ ಬಂದಳು. ಹಾವು ಬಂತು. ಕಾರು ಕಮರಿಗೆ ಬಿದ್ದು ಮುಖ ಸುಟ್ಟು, ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ ಒಳಗಿದ್ದದ್ದು ಬೇರೆಯೇ ನಟಿ. ಕಥೆ ಇಪ್ಪತ್ತು ವರ್ಷ ಮುಂದಕ್ಕೆ ಹಾರಿತು. ಮಗಳು ಬೆಳೆದು ತಾಯಿಗಿಂತ ದೊಡ್ಡವಳಾಗಿ ಕಂಡಳು. ಅಜ್ಜಿಯಾದ ಅತ್ತೆಯ ಕೂದಲು ಮೊದಲಿಗಿಂತ ಕಪ್ಪಾಯಿತು. ನನಗೆ ಸಿಟ್ಟು ಬೇಗ. 'ಇನ್ನ ಇದನ್ನ ಯಾಕ ನೋಡ್ಬೇಕು ರೀ?' ಎಂದು ಒಂದು ದಿನ ರಿಮೋಟ್ ಎತ್ತಿಕೊಂಡೆ.

'ನೀ ಬಿಡು, ನಿನಗೇನು. ನಂದು ಹರಕಿ ಐತಿ' ಅಂದರು ಅತ್ತೆ. 'ನಾ ನೋಡದ ದಿನಾನೇ ಆಕಿ ಮನಿ ಸೇರಿಬಿಟ್ರ?'

ನಾನು ರಿಮೋಟ್ ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಆಮೇಲೆ ಗೊತ್ತಾಯಿತು, ಒಳ್ಳೆಯ ಧಾರಾವಾಹಿಯನ್ನು ನೋಡುವುದಕ್ಕಿಂತ ಕೆಟ್ಟದ್ದನ್ನು ಇಬ್ಬರು ಸೇರಿ ಬೈಯುವುದರಲ್ಲಿ ಸುಖ ಹೆಚ್ಚು. ಅತ್ತೆ ಅದರಲ್ಲಿ ನನಗಿಂತ ಒಂದು ಕೈ ಮೇಲೆ. ಹಾವು ಬಂದ ದಿನ 'ಪುಣ್ಯಕ್ಕ ಇದಕ್ಕೊಂದು ಜುಮುಕಿ ಹಾಕಿಲ್ಲ' ಅಂದರು. ನಾನು ನಕ್ಕು ನಕ್ಕು ಮಡಿಲಲ್ಲಿದ್ದ ಅವರೆಕಾಯಿಯನ್ನೆಲ್ಲ ನೆಲಕ್ಕೆ ಚೆಲ್ಲಿದೆ. ಇಬ್ಬರೂ ಚಾಪೆಯ ಸುತ್ತ ಅಂಬೆಗಾಲಿಟ್ಟು ಆರಿಸುವಷ್ಟರಲ್ಲಿ ಹಾವು ಹೆಂಗಸಾಗಿತ್ತು. ಯಾಕೆ ಆಯಿತೆಂದು ನಾವು ಕೊನೆಗೂ ತಿಳಿದುಕೊಳ್ಳಲಿಲ್ಲ.

ಮಿರ್ಚಿಯ ವಿಷಯದಲ್ಲಿ ಮಾತ್ರ ಅತ್ತೆ ಒಂದಿಷ್ಟೂ ಸಡಿಲವಾಗಲಿಲ್ಲ. ಒಗ್ಗರಣೆಗೆ ಸೌತೆಕಾಯಿ ನಂಚಿಕೊಂಡರು. ಸಂಜೆ ಬಂಡಿಯ ಕಡೆಯಿಂದ ಕರಿದ ವಾಸನೆ ಬಂದರೆ ಎದ್ದು ಕಿಟಕಿ ಹಾಕುತ್ತಿದ್ದರು. ಒಮ್ಮೆ ಅವರ ತವರಿನ ಮದುವೆಗೆಂದು ಕಂಪ್ಲಿಗೆ ಹೋಗಿದ್ದೆವು. ದೊಡ್ಡ ತಾಟಿನಲ್ಲಿ ಬಿಸಿ ಮಿರ್ಚಿ ಬಂತು, ಅತ್ತೆ ಕೈ ಹಿಂದೆಳೆದುಕೊಂಡರು. ಹೆಂಗಸರೆಲ್ಲ ಸುತ್ತ ಕೂಡಿದರು.

'ಯಾಕಕ್ಕಾ, ಮೈಯಾಗ ಆರಾಮಿಲ್ಲೇನು?' ಎಂದು ಒಬ್ಬರು ಕೇಳಿದರು.

'ಹರಕಿ ಐತಿ. ಒಬ್ಬ ಹುಡುಗಿ ಸಲುವಾಗಿ. ಅತ್ತಿಮನಿ ಬಿಟ್ಟು ಹೋಗ್ಯಾಳ, ತಿರುಗಿ ಬರ್ಬೇಕು.'

ಎಲ್ಲರ ಕಣ್ಣೂ ನನ್ನ ಕಡೆ ಹೊರಳಿದವು. ಆ ಹೆಂಗಸು ನನ್ನ ಕೈ ಹಿಡಿದು, 'ಬಂದೀಯಲ್ಲವ್ವಾ, ಇನ್ನ ಎಲ್ಲೂ ಹೋಗಬ್ಯಾಡ' ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿ, 'ಬಂದಾಳಲ್ಲ, ತಿನ್ನಕ್ಕಾ' ಎಂದು ತಾಟು ಮುಂದೆ ಸರಿಸಿದರು.

'ಇನ್ನೂ ಪೂರಾ ಬಂದಿಲ್ಲ' ಅಂದರು ಅತ್ತೆ.

ವಾಪಸು ಬರುವ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತೆ. ಕಾಲುವೆಯ ಪಕ್ಕ ಹಸಿರು ಗದ್ದೆಗಳು ಓಡುತ್ತಿದ್ದವು. ಕೊನೆಗೆ ತಡೆಯಲಾಗದೆ, ಸೀರಿಯಲ್ಲಿನ ಹುಡುಗಿ ಅಂತ ಹೇಳಬಾರದಿತ್ತಾ ಎಂದು ಕೇಳಿದೆ.

'ನಗ್ತಾರ. ನಿನ್ನ ಸಲುವಾಗಿ ಅಂದ್ಕೊಂಡ್ರ ಯಾರೂ ನಗಂಗಿಲ್ಲ' ಅಂದರು ಅತ್ತೆ, ಮದುವೆ ಮನೆಯ ಎಲೆಯಡಿಕೆ ಮಡಚುತ್ತ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಎಲೆಯಡಿಕೆಯಲ್ಲಿ ಅರ್ಧ ಕಸಿದುಕೊಂಡು ಬಾಯಿಗೆ ಹಾಕಿಕೊಂಡೆ.

ನೋಡುವವರು ಕಡಿಮೆಯಾದಾಗ ಧಾರಾವಾಹಿಯವರು ಪ್ರವಾಸ ಹೊರಡುತ್ತಾರೆ. ನಾಲ್ಕನೇ ಅಧ್ಯಾಯದಲ್ಲಿ ಏಳೂವರೆಯವರು ಹಂಪಿಗೇ ಬಂದರು. ಸುದ್ದಿ ತಂದ ನನ್ನ ಗಂಡನಿಗೆ ಅತ್ತೆ ಅಲ್ಲೇ ಅಪ್ಪಣೆ ಮಾಡಿದರು. ಭಾನುವಾರ ನಾವು ಮೂವರೂ ಹೋದೆವು. ಅತ್ತೆಯ ಕೈಯಲ್ಲಿ ಶೇಂಗಾ ಉಂಡೆಯ ಡಬ್ಬಿ, ಹಸಿವಾದರೆ ಇರಲಿ ಅಂತ. ಬಾಯಲ್ಲಿ ಜಗಳದ ಸಿದ್ಧತೆ. ಗೋಧಿ, ಜುಮುಕಿ, ಹಾವು, ಯಾವುದನ್ನೂ ಮರೆಯಬಾರದೆಂದು ದಾರಿಯುದ್ದಕ್ಕೂ ಬೆರಳು ಮಡಚಿಕೊಂಡು ಬಂದರು.

ನದಿಯ ದಂಡೆಯ ಬಂಡೆಗಳ ನಡುವೆ ಚಿತ್ರೀಕರಣ ನಡೆದಿತ್ತು. ಹೊಸ ಮುಖದ ಹುಡುಗಿ ಕೊಡೆಯ ಕೆಳಗೆ ಕೂತು, ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿಗೆ ಮುಖ ಒಡ್ಡಿದ್ದಳು. ಯಾರಾದರೂ ತಡೆಯುವ ಮೊದಲೇ ಅತ್ತೆ ನೆಟ್ಟಗೆ ಆಕೆಯ ಮುಂದೆ ಹೋಗಿ ನಿಂತರು.

'ಯವ್ವಾ, ಕಥ್ಯಾಗ ನೀ ಮನಿಗೆ ಯಾವಾಗ ಹೋಗ್ತಿ?'

'ನಂಗೂ ಗೊತ್ತಿಲ್ಲ ಆಂಟಿ' ಅಂದಳು ಹುಡುಗಿ. ಒಳ್ಳೆಯ ಹುಡುಗಿ, ಎದ್ದು ನಿಂತೇ ಮಾತಾಡಿದಳು. 'ನಾಳೆ ಏನು ಅಂತ ನಾಳೆ ಬೆಳಿಗ್ಗೆ ಹೇಳ್ತಾರೆ. ಕಥೆ ಬಿಡಿ, ನಮ್ಮ ಸ್ವಂತ ಮನೆಗೆ ಹೋಗೇ ಎರಡು ತಿಂಗಳಾಯ್ತು.'

ಅತ್ತೆಯ ಮಡಚಿದ ಬೆರಳುಗಳೆಲ್ಲ ಬಿಚ್ಚಿಕೊಂಡವು. ಡಬ್ಬಿ ತೆರೆದು ಮುಂದೆ ಹಿಡಿದರು. ಹುಡುಗಿ ಒಂದು ತಿಂದು, ಕೇಳದೆ ಇನ್ನೊಂದು ತೆಗೆದುಕೊಂಡಳು. ಟಿವಿಯೊಳಗೆ ಊಟಕ್ಕೆ ಕೂತಾಗ ಹೀಗೆ ಯಾಕೆ ತಿನ್ನುವುದಿಲ್ಲ ಎಂದು ಅತ್ತೆ ಕೇಳಿದರು. 'ಲಿಪ್‌ಸ್ಟಿಕ್ ಹೋಗುತ್ತೆ ಆಂಟಿ' ಅಂದಳು. ಅಷ್ಟರಲ್ಲಿ ಯಾರೋ ಕರೆದರು, ಬಾಯಿ ಒರೆಸಿಕೊಂಡು ಅಳಲು ಹೋದಳು. ಉಳಿದ ಉಂಡೆಗಳನ್ನು ಡಬ್ಬಿ ಸಮೇತ ಆಕೆಯ ಕುರ್ಚಿಯ ಮೇಲಿಟ್ಟು ಅತ್ತೆ ಹೊರಟರು.

'ಆಕಿದೇನೂ ತಪ್ಪಿಲ್ಲ' ಅಂದರು ದಾರಿಯಲ್ಲಿ. 'ಪಾಪ, ಆಕಿನ್ನೂ ಯಾರೂ ಮನಿಗೆ ಕಳಸವಲ್ರು.'

ಕೆಲವು ತಿಂಗಳ ಮೇಲೆ ಮೂರನೆಯ ಮುಖವೂ ಬಂತು. ಹಳೆಯ ಹುಡುಗಿ ಮನೆಗೆ ಹೋಗಿ ಉಂಡಿರಬೇಕು ಎಂದು ಅತ್ತೆಗೆ ಸಮಾಧಾನ. ಆಮೇಲೆ ಒಂದು ವಾರ ಇದ್ದಕ್ಕಿದ್ದಂತೆ 'ಅಂತಿಮ ಸಂಚಿಕೆಗಳು' ಎಂದು ತೋರಿಸತೊಡಗಿದರು. ಕೊನೆಯ ದಿನ ಗಂಡ ಮಾರ್ಕೆಟ್ಟಿನಿಂದ ಉದ್ದನೆಯ ಮೆಣಸಿನಕಾಯಿ ತಂದರು. ನಾನು ಕಡಲೆಹಿಟ್ಟು ಕಲಸಿಟ್ಟೆ. ಟಿವಿ ಮುಗಿದರೂ ಹಂಪಿಗೆ ಹೋಗಿ ಒಪ್ಪಿಸುವುದು ಬಾಕಿಯಿದೆ ಎಂಬುದು ಆ ಉತ್ಸಾಹದಲ್ಲಿ ನಮ್ಮಿಬ್ಬರಿಗೂ ಮರೆತೇ ಹೋಗಿತ್ತು.

ಕೊನೆಯ ದೃಶ್ಯ. ಹಳೆಯ ಮನೆ, ಅದೇ ಗೇಟು. ಅತ್ತೆ ಪಾತ್ರದವಳು ಒಳಗೆ ಆರತಿ ಹಿಡಿದು ನಿಂತಿದ್ದಾಳೆ. ಹುಡುಗಿ ಹೊಸ್ತಿಲ ಮುಂದೆ ಬಂದಳು, ಬಲಗಾಲು ಎತ್ತಿದಳು. ಚಿತ್ರ ಅಲ್ಲೇ ನಿಂತುಬಿಟ್ಟಿತು. ಹೊಸ ತಲೆಮಾರಿನ ಹೊಸ ಕಥೆ ಶೀಘ್ರದಲ್ಲಿ ಎಂದು ಅಕ್ಷರಗಳು ಬಂದವು. ಅದರ ಹಿಂದೆಯೇ ಗೋಡೆ ಬಣ್ಣದ ಜಾಹೀರಾತು.

'ಸೇರಿದ್ಲು ಬಿಡವ್ವಾ' ಅಂದರು ಗಂಡ.

'ಎಲ್ಲಿ ಸೇರಿದ್ಲು? ಕಾಲು ಗಾಳ್ಯಾಗ ಐತಿ.'

'ಒಳಗ ಇಡಾಕನ ಎತ್ಯಾಳ.'

'ಎತ್ತೋದು ಬ್ಯಾರೆ, ಊರೋದು ಬ್ಯಾರೆ' ಅಂದರು ಅತ್ತೆ.

ಫೋನಿನಲ್ಲಿ ಆ ಸಂಚಿಕೆ ಹಾಕಿ ಮತ್ತೆ ನೋಡಿದೆವು. ಚಿತ್ರ ದೊಡ್ಡದು ಮಾಡಿ ನೋಡಿದೆವು. ಕಾಲು ಹೊಸ್ತಿಲಿನ ಮೇಲೆ ಗೇಣುದ್ದ ಎತ್ತರದಲ್ಲೇ ಇತ್ತು. ಆ ಮೆಣಸಿನಕಾಯಿ ಮರುದಿನ ಚಟ್ನಿಯಾಯಿತು. ಅತ್ತೆ ಮಂಕಾದರು. ಅವರಿಗೆ ವಯಸ್ಸಾಗುತ್ತಿತ್ತು, ಹೊಸ ತಲೆಮಾರಿನ ಕಥೆ ಶುರುವಾಗಿ, ಎಳೆದಾಡಿ ಮುಗಿಯುವ ಹೊತ್ತಿಗೆ ಮಿರ್ಚಿ ಕಡಿಯಲು ಹಲ್ಲಾದರೂ ಇರಬೇಕಲ್ಲ. ಏಳೂವರೆಗೆ ಚಾಪೆ ಹಾಸಿ, ಹಾಸಿದ್ದು ಯಾಕೆಂದು ತಿಳಿಯದೆ ನೋಡುತ್ತ ನಿಂತರು. ನಾನು ಹೋಗಿ ಚಾಪೆಯ ಮೇಲೆ ಕೂತು ಅವರನ್ನೂ ಕೂರಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಅವರೇ 'ಹಂಪಿಗೆ ನಡೀರಿ' ಅಂದರು. ಗುಡಿಯಲ್ಲಿ ಅವರಿಗೆ ಪರಿಚಯದ ಅರ್ಚಕರೊಬ್ಬರಿದ್ದಾರೆ. ಅವರನ್ನು ಪಕ್ಕಕ್ಕೆ ಕರೆದು, ಎತ್ತಿದ ಕಾಲು ಊರದಿದ್ದರೆ ಹರಕೆ ಮುಗಿದಂತೆಯೋ ಇಲ್ಲವೋ ಎಂದು ಕೇಳಿದರು. ಅರ್ಚಕರಿಗೆ ಯಾವ ಕಾಲು ಎಂದು ವಿವರಿಸಬೇಕಾಗಲಿಲ್ಲ.

'ನಮ್ಮ ಮನೆಯಲ್ಲೂ ಅದೇ ಜಗಳ ಅಮ್ಮಾ. ನಮ್ಮಾಕೆ ಒಳಗೆ ಅಂತಾಳೆ, ನಮ್ಮ ತಾಯಿ ಹೊರಗೆ ಅಂತಾರೆ' ಎಂದು ನಕ್ಕು, ಸ್ವಲ್ಪ ಯೋಚಿಸಿದರು. 'ಹರಕೆ ಹೊತ್ತದ್ದು ಯಾರಿಗೆ? ಟಿವಿಯವರಿಗಾ, ಸ್ವಾಮಿಗಾ?'

'ಸ್ವಾಮಿಗೆ.'

'ಹಂಗಾದ್ರೆ ಟಿವಿಯವರು ಮುಗಿಸಲಿಲ್ಲ ಅಂತ ಯಾಕೆ ಕೂಡ್ತೀರಿ? ನೀವೇ ಮುಗಿಸಿ ಒಪ್ಪಿಸ್ರಿ.'

ಸಾಲು ಸರಿದು ನಮ್ಮ ಸರದಿ ಬಂತು. ಅತ್ತೆ ಸೆರಗು ಹೊದ್ದು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. 'ತಂದೀ, ಒಬ್ಬ ಹುಡುಗಿ ಸಲುವಾಗಿ ಮಿರ್ಚಿ ಬಿಟ್ಟಿದ್ದೆ, ನೆನಪೈತಲ್ಲ.' ಗಿರಣಿಯನ್ನು ಹೇಳಿದರು, ಭತ್ತ ಕಡಿದು ನೋಡಿದ್ದನ್ನು ಹೇಳಿದರು, ನಾಲ್ಕು ಸೀರೆಯ ಬಣ್ಣಗಳನ್ನೂ ಹೇಳಿದರು. ಹಿಂದೆ ತೆಂಗಿನಕಾಯಿ ಹಿಡಿದು ನಿಂತಿದ್ದ ಹೆಂಗಸು, 'ಅಯ್ಯ, ಇದು ಏಳೂವರೇದು' ಅಂದಳು. ಆಕೆಯ ಹಿಂದಿನ ಗಂಡಸು ಬಸ್ಸಿದೆ, ಜಲ್ದಿ ಅಂದ. 'ಹೇಳ್ಲಿ ಸುಮ್ನಿರ್ರಿ' ಎಂದು ಆಕೆ ಅವನ ಬಾಯಿ ಮುಚ್ಚಿಸಿದಳು. ಮಳೆಯಲ್ಲಿಟ್ಟ ಚೀಲದವರೆಗೆ ಹೇಳಿ ಅತ್ತೆ ಉಸಿರು ತೆಗೆದುಕೊಂಡರು.

'ನಡುವ ಏನೇನೋ ಆತು. ಅದನ್ನ ನಿನಗ ಹೇಳಂಗಿಲ್ಲ. ಹೇಳಿದ್ರ ನೀನೂ ನಂಬಂಗಿಲ್ಲ.'

ಸಾಲಿಗೆ ಸಾಲೇ ನಕ್ಕಿತು. ಆರತಿ ತಟ್ಟೆ ಹಿಡಿದ ಅರ್ಚಕರ ಭುಜ ಕುಲುಕುತ್ತಿತ್ತು. 'ಹಾವು ಬಂದಿತ್ತಲ್ರೀ' ಎಂದು ತೆಂಗಿನಕಾಯಿಯ ಹೆಂಗಸು ನೆನಪಿಸಿದಳು. 'ಅದು ಬ್ಯಾಡವ್ವಾ' ಎಂದು ಅತ್ತೆ ಅಲ್ಲಿಗೇ ನಿಲ್ಲಿಸಿದರು. ನಾನೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದೆ. ಅತ್ತೆ ಮತ್ತೆ ದೇವರ ಕಡೆ ತಿರುಗಿದರು, ದನಿ ಸ್ವಲ್ಪ ತಗ್ಗಿತು.

'ಒಂದಿನ ಸಂಜೀಕ ಆಕಿ ಸಂಡೂರು ಬಸ್ಸಿನಾಗ ಬಂದ್ಲು.'

ನನ್ನ ನಗು ನಿಂತಿತು. ಆ ಧಾರಾವಾಹಿಯ ಯಾವ ಅಧ್ಯಾಯದಲ್ಲೂ ಸಂಡೂರು ಇರಲಿಲ್ಲ, ಬಸ್ಸಂತೂ ಇರಲೇ ಇಲ್ಲ.

'ಕೈಯಾಗ ಊಟದ ಡಬ್ಬಿ. ಸೀರಿ ಅಂಚೆಲ್ಲ ಕೆಂಪಗ. ಭಾಳ ದಣಿದಿದ್ಲು. ಗೇಟಿನ್ಯಾಗ ನಿಂತು ಧೂಳು ಝಾಡಿಸಾಕ ಬಗ್ಗಿದ್ಲು. ಅವ್ರತ್ತಿ ಒಳಗಿಂದ ಎದ್ದು ಬಂದ್ಲು. ಬಂದು ಅಂದ್ಲು, ಇರ್ಲಿ ಬಿಡವ್ವಾ, ಧೂಳಿದ್ರ ಏನಾತು, ನಿನ್ನ ಮನಿ, ಒಳಗ ಬಾ. ಈ ಮಾತು ಆಕಿ ಭಾಳ ಹಿಂದನ ಹೇಳ್ಬೇಕಿತ್ತು ತಂದೀ. ಬಾಯಿ ಬರ್ಲಿಲ್ಲ. ಈಗ ಹೇಳಿದ್ಲು. ಹುಡುಗಿ ಒಳಗ ಕಾಲಿಟ್ಲು. ಊರಿದ್ಲು. ಇಷ್ಟ.'

ನಾನು ಅತ್ತುಬಿಟ್ಟೆ. ಅಷ್ಟು ಜನರ ನಡುವೆ, ಮುಚ್ಚಿಡದೆ ಕಣ್ಣೀರು ಸುರಿಸಿದೆ. ಅತ್ತೆ ನನ್ನ ಕಡೆ ನೋಡಲಿಲ್ಲ; ಕೈಮುಗಿದು ತೀರ್ಥಕ್ಕೆ ಅಂಗೈ ಚಾಚಿದರು. ನನ್ನ ಗಂಡ ಗೋಪುರವನ್ನು ಅದೇ ಮೊದಲ ಸಲ ಕಂಡವರಂತೆ ನೋಡುತ್ತ ನಿಂತಿದ್ದರು. ತೆಂಗಿನಕಾಯಿಯ ಹೆಂಗಸು ಕಣ್ಣೊರೆಸಿಕೊಂಡು, 'ಟಿವ್ಯಾಗ ಹಿಂಗ ಬರ್ಲೇ ಇಲ್ಲ ನೋಡ್ರಿ' ಅಂದಳು.

'ಬರಿಯಾವ ಬದಲಾಗಿದ್ದ' ಅಂದರು ಅತ್ತೆ.

ಹೊಸಪೇಟೆಗೆ ಬಂದು ಬಂಡಿಯ ಮುಂದೆ ನಿಂತೆವು. ಅತ್ತೆ ಬಾಣಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ಮಾಡಿ ಒಂದೊಂದಾಗಿ ತೋರಿಸಿದರು, ಎಲ್ಲವೂ ಸೊಟ್ಟ. ಅಲ್ಲೇ ತಿನ್ನಿರಿ ಎಂದು ಬಂಡಿಯವನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಮನೆಗೆ ಹೋಗಿಯೇ ತಿನ್ನುವುದು ಅಂದರು. ಪೊಟ್ಟಣ ನನ್ನ ಕೈಗೆ ಬಂತು, ಕಾಗದದ ಹೊರಗೂ ಬಿಸಿ ತಾಗುತ್ತಿತ್ತು.

ಗೇಟು ತೆರೆದವಳು ರೂಢಿಯಂತೆ ನಿಂತೆ. ಹಂಪಿಯ ಧೂಳು ಸೀರೆಯ ಅಂಚಿನಲ್ಲಿತ್ತು. ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಿಸಿ ಝಾಡಿಸಲು ಬಗ್ಗಿದೆ. ಮುಂದೆ ಹೋಗಿದ್ದ ಅತ್ತೆ ಹೊಸ್ತಿಲಿನಿಂದ ತಿರುಗಿ ನೋಡಿದರು.

'ಅದೇನು ಝಾಡಿಸ್ಕೋತ ನಿಂತಿ, ಮಿರ್ಚಿ ಆರ್ತಾವು. ಒಳಗ ಬಾ.'

ನಾನು ಸೀರೆ ಬಿಟ್ಟು ಒಳಗೆ ಹೋದೆ. ಬೆಳಿಗ್ಗೆಯಷ್ಟೇ ಒರೆಸಿದ್ದ ನೆಲದ ಮೇಲೆ ಬಾಗಿಲಿನಿಂದ ಅಡುಗೆಮನೆಯವರೆಗೆ ನನ್ನ ಹೆಜ್ಜೆ ಮೂಡಿತು. ಅತ್ತೆ ಅದನ್ನು ನೋಡಿದರು, ದಾಟಿಕೊಂಡು ಹೋಗಿ ತಟ್ಟೆಗಳನ್ನು ತಂದರು. ಚಾಪೆಯ ಮೇಲೆ ಕೂತು, ಎಲ್ಲಕ್ಕಿಂತ ಸೊಟ್ಟಗಿದ್ದ ಮಿರ್ಚಿಯನ್ನು ಎರಡು ಮಾಡಿ, ಅರ್ಧವನ್ನು ನನ್ನ ತಟ್ಟೆಗೆ ಹಾಕಿದರು.

'ಮೊದ್ಲ ನೀ ತಿನ್ನು' ಅಂದರು.

ನಾನು ತಿಂದೆ. ಆಮೇಲೆ ಅವರು ತಿಂದರು.